ಮಣಿಕಟ್ಟಿನಲ್ಲಿ ಹೃದಯದ ಸುದ್ದಿ ಕೇಳುವ ನಾಡಿ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಎರಡನೇ ಮಹಡಿಯ ಪುಟ್ಟ ಕೋಣೆಯಲ್ಲಿ ನಡುವಯಸ್ಸಿನ ಹೆಂಗಸೊಬ್ಬರು ಬಿಸಿನೀರಿನ ಲೋಟಕ್ಕೆ ಅಂಗೈ ಒತ್ತಿ ನಿಂತಿದ್ದಾರೆ. ತಣ್ಣನೆಯ ಬೆರಳು ತಾಗಿದರೆ ರೋಗಿ ಬೆಚ್ಚುತ್ತಾರೆ, ಬಿಪಿ ಏರುತ್ತದೆ. ಮಂಚದ ಮೇಲೆ ಮಲಗಿರುವ ನಿವೃತ್ತ ಮೇಷ್ಟ್ರು ಆಗಲೇ ಮಗಳ ಮದುವೆಯ ಮಾತು ತೆಗೆದಿದ್ದಾರೆ.

"ಮೇಷ್ಟ್ರೇ, ಮಾತಿಗೂ ಸ್ವಲ್ಪ ರಜೆ ಕೊಡಿ," ಎನ್ನುತ್ತಾ ಅವರು ಪೆನ್ನಿನಂಥ ಸಾಧನವನ್ನು ಮಣಿಕಟ್ಟಿನ ಮೇಲೆ ಇಡುತ್ತಾರೆ. ಪಕ್ಕದ ಯಂತ್ರದ ಪರದೆಯ ಮೇಲೆ ನಾಡಿಯ ಅಲೆಗಳು ಏಳುತ್ತವೆ.

ಎಲ್ಲರ ಬಾಯಲ್ಲೂ ಇವರು 'ನಾಡಿ ಅಕ್ಕ'. ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡುವುದು ಎಲ್ಲರಿಗೂ ಗೊತ್ತು. ಆದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದೊಳಗಿನ ಒತ್ತಡ ತೋಳಿನದಕ್ಕಿಂತ ಬೇರೆಯೇ ಇರಬಹುದು. ಸೂಜಿ ಚುಚ್ಚದೆ, ನಾಡಿಯ ಅಲೆಯಿಂದಲೇ ಯಂತ್ರ ಅದನ್ನು ಅಂದಾಜು ಮಾಡುತ್ತದೆ. ಹಿಡಿದ ಕೈ ಮಾತ್ರ ಅಲುಗಬಾರದು.

ಅಕ್ಕ ಮೊದಲು ಇದೇ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು. ಯಂತ್ರ ಬಂದಾಗ ಹೃದಯದ ಡಾಕ್ಟರಮ್ಮ ಕರೆದು ಕಲಿಸಿದರು. "ಬಟ್ಟೆ ಒಗೆಯೋ ಸೋಡಾ ನೀರಲ್ಲಿ ಬೆರಳೆಲ್ಲಾ ಮರಗಟ್ಟಿತ್ತು. ನಾಡಿ ಎಲ್ಲಿ, ಮೂಳೆ ಎಲ್ಲಿ, ಒಂದೂ ತಿಳೀತಿರಲಿಲ್ಲ," ಎಂದು ನಗುತ್ತಾರೆ. ರಾತ್ರಿ ಊಟವಾದ ಮೇಲೆ ಗಂಡನ ಕೈಯೇ ಪಾಠಶಾಲೆ. ಕ್ಷೌರಿಕನಾದ ಆತ ರೇಗಿಸುತ್ತಿದ್ದನಂತೆ: "ಕೈ ಹಿಡಿದು ಇಷ್ಟು ವರ್ಷ ಆಯ್ತು, ಈಗ ಜೀವ ಇದೆಯೋ ಇಲ್ವೋ ನೋಡ್ತಿದೀಯಾ?"

ಈಗ ದಿನಕ್ಕೆ ಹದಿನೈದು ಇಪ್ಪತ್ತು ಜನ ಬರುತ್ತಾರೆ. ಹೋದ ವರ್ಷ ಕ್ರೇನ್ ನಡೆಸುವ ಎತ್ತರದ ಹುಡುಗನೊಬ್ಬ ಬಂದಿದ್ದ. ತೋಳಿನಲ್ಲಿ ನೋಡಿದರೆ ಪ್ರತಿ ಸಲವೂ ಬಿಪಿ ನೂರೈವತ್ತು. ಮೇಲೆ ಹತ್ತುವಂತಿಲ್ಲ ಎಂದು ಕಂಪನಿ ಕೆಳಗಿಳಿಸಿತ್ತು. ಹೆದರಿ ನಡುಗುತ್ತಿದ್ದವನ ನಾಡಿಯ ಅಲೆ ಪರದೆಯ ಮೇಲೆ ಸ್ಥಿರವಾಗಿ ನಿಲ್ಲುತ್ತಿರಲಿಲ್ಲ.

"ಅವಸರ ಇಲ್ಲಪ್ಪಾ, ನಾನೆಲ್ಲೂ ಓಡಿ ಹೋಗಲ್ಲ," ಎಂದು ಅಕ್ಕ ಕಾದರು, ಮತ್ತೆ ಹಿಡಿದರು, ಮತ್ತೆ ಕಾದರು. ಕೊನೆಗೆ ಶುದ್ಧ ಅಲೆ ಸಿಕ್ಕಿತು. ಹೃದಯದ ಬಳಿಯ ಒತ್ತಡ ಸರಿಯಾಗಿಯೇ ಇತ್ತು. ಎತ್ತರದ ಹುಡುಗರಲ್ಲಿ ಕೆಲವೊಮ್ಮೆ ಹೀಗಾಗುತ್ತದೆ ಎಂದ ಡಾಕ್ಟರಮ್ಮ, ಬೇರೆ ಪರೀಕ್ಷೆಗಳನ್ನೂ ನೋಡಿ, ಸದ್ಯಕ್ಕೆ ಮಾತ್ರೆ ಬೇಡ, ಆಗಾಗ ತೋರಿಸಿಕೊಂಡರೆ ಸಾಕು ಎಂದು ಕಂಪನಿಗೆ ಬರೆದುಕೊಟ್ಟರು. ಹುಡುಗ ಮತ್ತೆ ಕ್ರೇನ್ ಹತ್ತಿದ.

ಅವನ ತಾಯಿ ಬಂದು ಅಕ್ಕನ ಎರಡೂ ಕೈಗಳನ್ನು ಕಣ್ಣಿಗೊತ್ತಿಕೊಂಡರಂತೆ. "ಅಯ್ಯೋ, ಹೇಳಿದ್ದು ಯಂತ್ರ, ಅರ್ಥ ಮಾಡ್ಕೊಂಡಿದ್ದು ಡಾಕ್ಟರಮ್ಮ. ನಾನು ಹಿಡ್ಕೊಂಡಿದ್ದೆ ಅಷ್ಟೇ ಅಂದೆ," ಎನ್ನುತ್ತಾ ಅಕ್ಕ ತಮ್ಮ ಅಂಗೈ ನೋಡಿಕೊಳ್ಳುತ್ತಾರೆ. "ಆವತ್ತಿಂದ ಈ ಕೈ ಮೇಲೆ ನಂಗೂ ಒಂಚೂರು ಪ್ರೀತಿ ಬಂದಿದೆ."

ಇದನ್ನೆಲ್ಲ ಬರೆದುಕೊಳ್ಳುತ್ತಿದ್ದ ನಾನು, ನಿಮಗೇನಾದರೂ ಬೇಕೇ ಎಂದು ಕೇಳಿದೆ. ಅಕ್ಕ ಬಾಗಿಲಾಚೆಯ ಮರದ ಬೆಂಚನ್ನು ತೋರಿಸುತ್ತಾರೆ.

"ಅಲ್ಲಿ ಬೆನ್ನಿಗೆ ಆಸರೆ ಇರೋ ಕುರ್ಚಿ ಹಾಕ್ಸಿದ್ರೆ ಸಾಕು. ಭಯ ಹೊತ್ಕೊಂಡು ಬಂದೋರು ಸ್ವಲ್ಪ ಒರಗಿಕೊಳ್ಳಲಿ."