ಪೀಠವೇರಿದ ಪೆನ್ನಿ

ನಮ್ಮಕ್ಕನ ಮನೆಯ ವರಮಹಾಲಕ್ಷ್ಮಿ ಬ್ರಿಟಿಷ್ ಪ್ರಜೆ. ಈ ಮಾತನ್ನು ನಾನು ಮೊದಲ ಸಲ ಬಾಯಿಬಿಟ್ಟು ಹೇಳಿದ ದಿನ ನನಗೆ ಎರಡನೇ ಲೋಟ ಕಾಫಿ ಸಿಗಲಿಲ್ಲ.

ಜಪಾನಿನ ನೋಮಿ ಎಂಬ ಊರಿನಲ್ಲಿ ಓದುತ್ತಿದ್ದ ನಾನು, ಕೊರೊನಾದಿಂದ ಪಾಠಗಳೆಲ್ಲ ಆನ್‌ಲೈನ್ ಆದಾಗ, ಸೂಟ್‌ಕೇಸ್ ಎಳೆದುಕೊಂಡು ಟೋಕಿಯೋ ಪಕ್ಕದ ಕಾವಾಸಾಕಿಯ ಅಕ್ಕ ಭಾವನ ಮನೆ ಸೇರಿದ್ದೆ. ಎರಡು ಕೋಣೆಯ ಫ್ಲ್ಯಾಟು. ಒಂದರಲ್ಲಿ ಭಾವನ ಆಫೀಸು, ಇನ್ನೊಂದರಲ್ಲಿ ನಾನು. ಅಡುಗೆಮನೆಯ ಕಪಾಟಿನಲ್ಲಿ, ರೈಸ್ ಕುಕ್ಕರಿನ ಪಕ್ಕ, ದೇವಿ.

ಈ ದೇವಿಯ ಪೂರ್ವಾಪರ ಇಷ್ಟು. ಭಾವನ ತಾತ ಐವತ್ತರ ದಶಕದಲ್ಲಿ ಗಿರಣಿ ಯಂತ್ರಗಳ ಕೆಲಸ ಕಲಿಯಲು ಇಂಗ್ಲೆಂಡಿಗೆ ಹೋಗಿದ್ದರು. ಜೇಬಿನಲ್ಲಿ ಉಳಿದ ಚಿಲ್ಲರೆಯನ್ನು ಬಿಸ್ಕತ್ತಿನ ಡಬ್ಬಿಗೆ ಸುರಿದು ಮೈಸೂರಿಗೆ ತಂದರು. ಅದರಲ್ಲಿದ್ದ ಒಂದು ದೊಡ್ಡ ಕಂಚಿನ ಪೆನ್ನಿಯ ಮೇಲೆ ಅಜ್ಜಿಯ ಕಣ್ಣು ಬಿತ್ತು. ತಲೆಗೆ ಕಿರೀಟ, ಕೈಯಲ್ಲಿ ತ್ರಿಶೂಲ, ಪಕ್ಕದಲ್ಲಿ ಗುರಾಣಿ ಇಟ್ಟುಕೊಂಡು ಒಬ್ಬ ಹೆಂಗಸು ಗಂಭೀರವಾಗಿ ಕೂತಿದ್ದಳು. ಅಜ್ಜಿ ಕೈಮುಗಿದರು. ಅಕ್ಕಸಾಲಿಯ ಹತ್ತಿರ ಪುಟ್ಟ ಬೆಳ್ಳಿಯ ಪೀಠ ಮಾಡಿಸಿ, ಹಿಂಬದಿಯ ರಾಜನ ಮುಖ ಅರಗಿನಲ್ಲಿ ಹೂತುಹೋಗುವಂತೆ ನಾಣ್ಯವನ್ನು ಅದಕ್ಕೆ ಕೂರಿಸಿದರು. ಅಜ್ಜಿಯಿಂದ ಭಾವನ ಅಮ್ಮನಿಗೆ, ಅವರಿಂದ ಅಕ್ಕನಿಗೆ. ಅಕ್ಕನ ಜೊತೆ ವಿಮಾನ ಹತ್ತಿ ದೇವಿ ಜಪಾನಿಗೂ ಬಂದಳು.

"ಅದು ಬ್ರಿಟಾನಿಯಾ ಕಣೇ. ನಮ್ಮನ್ನ ಆಳಿದ ದೇಶದ ಬೊಂಬೆ," ಎಂದಿದ್ದೆ.

"ಕೂತಿದಾಳೆ, ತ್ರಿಶೂಲ ಹಿಡಿದಿದಾಳೆ, ಕಿರೀಟ ಇದೆ. ಇನ್ನೇನ್ ಪ್ರೂಫ್ ಬೇಕು ನಿಂಗೆ, ಆಧಾರ್ ಕಾರ್ಡಾ?"

"ತ್ರಿಶೂಲ ಲಕ್ಷ್ಮೀದಲ್ಲ, ಪಾರ್ವತೀದು."

"ಪರದೇಶದಲ್ಲಿ ಇಬ್ರ ಕೆಲಸಾನೂ ಒಬ್ಳೇ ಮಾಡ್ತಾಳೆ. ನನ್ ಥರ."

ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ತಂಡದಲ್ಲಿದ್ದವಳು ನಾನು. ಇಂಥ ಉತ್ತರಕ್ಕೆ ಅಂಕ ಕೊಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಸುಮ್ಮನಿರಲಾರದೆ ಇನ್ನೊಂದು ಕೇಳಿದೆ: ಎಲ್ಲ ದೇವರಿಗೂ ಎರಡು ಕಡೆ ದೀಪ, ಇವಳಿಗೆ ಮಾತ್ರ ಬೆನ್ನ ಹಿಂದೆ ಒಂದೇ ದೀಪ, ಯಾಕೆ?

"ಅತ್ತೆ ಹಾಗೇ ಇಡ್ತಿದ್ರು."

"ಅತ್ತೆ ಹಾಗೇ ಇಡ್ತಿದ್ರು ಅನ್ನೋದು ವಾದ ಅಲ್ಲ, ಅಕ್ಕ."

"ಸರಿ. ಕಾಫಿ ಬೇಕು ಅನ್ನೋದೂ ವಾದ ಅಲ್ಲ."

ಭಾವ ಆ ಹೊತ್ತಿಗೆ ಮೀಟಿಂಗುಗಳ ನಡುವೆ ಹಳೆಯ ನಾಣ್ಯಗಳ ವಿಡಿಯೋ ನೋಡುವ ಚಟಕ್ಕೆ ಬಿದ್ದಿದ್ದರು. ಊಟಕ್ಕೆ ಕೂತರೆ ಉಪನ್ಯಾಸ ಶುರು. ಹನ್ನೆರಡು ಪೆನ್ನಿಗೆ ಒಂದು ಶಿಲಿಂಗು, ಇಪ್ಪತ್ತು ಶಿಲಿಂಗಿಗೆ ಒಂದು ಪೌಂಡು. ಎಪ್ಪತ್ತೊಂದರಲ್ಲಿ ಇಂಗ್ಲೆಂಡು ಪೌಂಡಿಗೆ ನೂರು ಪೆನ್ನಿ ಎಂದು ಲೆಕ್ಕ ಬದಲಿಸಿದ ಮೇಲೆ ಹಳೆಯ ಚಿಲ್ಲರೆಗೆ ಬೆಲೆ ಕಟ್ಟುವುದು ಲೋಹ, ಇಲ್ಲವೇ ಇಸವಿ. ಶಿಲಿಂಗಿನಲ್ಲಿ ಸಾವಿರದ ಒಂಬೈನೂರ ಇಪ್ಪತ್ತಕ್ಕೆ ಮುಂಚೆ ಒಳ್ಳೆ ಬೆಳ್ಳಿ, ಆಮೇಲೆ ಅರ್ಧ ಬೆಳ್ಳಿ, ನಲವತ್ತೇಳರಿಂದ ಬೆಳ್ಳಿಯೇ ಇಲ್ಲ. ತಾತನ ಡಬ್ಬಿಯಲ್ಲಿದ್ದ ಶಿಲಿಂಗುಗಳೆಲ್ಲ ನಲವತ್ತೇಳರ ಈಚಿನವು.

"ನಮಗೆ ಸ್ವಾತಂತ್ರ್ಯ ಬಂದ್ಮೇಲೆ ಅವರೂ ಬೆಳ್ಳಿ ಬಿಟ್ರು ನೋಡಿ," ಎಂದೆ.

ಭಾವ ನಗಲಿಲ್ಲ. ಅವರ ಕಣ್ಣು ಕಪಾಟಿನ ಮೇಲಿತ್ತು. ದೇವಿಯ ಪಾದದ ಕೆಳಗಿನ ಇಸವಿಯಲ್ಲಿ 193 ಸ್ಪಷ್ಟವಾಗಿತ್ತು. ಕೊನೆಯ ಅಂಕಿ ಅರ್ಧ ಸವೆದು, ಉಳಿದದ್ದು ಬಲಗಡೆಯ ಎರಡು ಸೊಟ್ಟ ಗೆರೆ ಮಾತ್ರ. ಪ್ರತಿ ಶ್ರಾವಣದಲ್ಲೂ ಹುಣಸೆಹಣ್ಣು ಹಾಕಿ ಉಜ್ಜಿದ ಫಲ. ಅದು ಎಂಟಾದರೆ ಪೆನ್ನಿಗೆ ಒಂದು ಇಡ್ಲಿಯೂ ಬರುವುದಿಲ್ಲ. ಮೂರಾದರೆ? ಮೂವತ್ತಮೂರರಲ್ಲಿ ಟಂಕಿಸಿದ ಪೆನ್ನಿಗಳು ಬೆರಳೆಣಿಕೆಯಷ್ಟು. ಒಂದು ಸಿಕ್ಕರೆ ಮನೆಯನ್ನೇ ಕೊಳ್ಳಬಹುದು ಎಂದು ಭಾವ ಲೆಕ್ಕ ಹಾಕಿದ್ದರು. ಯಾವ ಮನೆ ಎಂಬುದೂ ತೀರ್ಮಾನವಾಗಿತ್ತು: ನೆಲಮಹಡಿಯದು, ಅಮ್ಮನಿಗೆಂದೇ ಒಂದು ಕೋಣೆ ಇರುವಂಥದು. ಆ ಅಮ್ಮ ಮೈಸೂರಿನ ಆಸ್ಪತ್ರೆಯಲ್ಲಿ ಕೊರೊನಾ ವಾರ್ಡಿನಲ್ಲಿದ್ದರು. ಜಪಾನು ಬಿಟ್ಟು ಹೊರಟವರಿಗೆ ವಾಪಸು ಬರುವ ಬಾಗಿಲು ಮುಚ್ಚಿದ್ದ ಕಾಲ ಅದು. ಭಾವ ಹೋಗುವಂತಿರಲಿಲ್ಲ. ಅದಕ್ಕೇ ವಿಡಿಯೋ ನೋಡುತ್ತಿದ್ದರು ಎಂದು ನನಗೆ ಆಗ ಹೊಳೆದಿರಲಿಲ್ಲ.

"ಮೊದಲು ಅಪ್ಪ ರಾಜ, ಆಮೇಲೆ ಮಗ. ಮಗನ ಕಾಲದ ಪೆನ್ನಿ ಆಗಿದ್ರೆ ಅವಳ ಬೆನ್ನ ಹಿಂದೆ ಸಮುದ್ರದ ಲೈಟ್‌ಹೌಸ್ ಇರುತ್ತೆ. ಮೂವತ್ತೆಂಟು ಮಗನ ಕಾಲ. ಮೂವತ್ತಮೂರು ಅಪ್ಪನ ಕಾಲ, ಆ ಪೆನ್ನೀಲಿ ಲೈಟ್‌ಹೌಸ್ ಇಲ್ಲ," ಭಾವ ವಿವರಿಸಿದರು. "ನಮ್ಮದರಲ್ಲಿ ಆ ಜಾಗ ನುಣ್ಣಗಿದೆ. ಹಾಗಾಗಿ ಮೂರೇ."

"ಇಲ್ಲದ್ದು ಸಾಕ್ಷಿ ಹೇಗಾಗತ್ತೆ? ಅದೂ ಸವೆದಿರಬಹುದು."

"ಅದಕ್ಕೇ ರಾಜನ ಮುಖ ನೋಡ್ಬೇಕು. ಅಪ್ಪನಿಗೆ ಗಡ್ಡ, ಮಗನಿಗಿಲ್ಲ. ಟೋಕಿಯೋದ ನಾಣ್ಯದಂಗಡಿಯವರೂ ಎರಡೂ ಬದಿ ನೋಡದೆ ಏನೂ ಹೇಳಲ್ಲ ಅಂದ್ರು. ಬಿಸಿನೀರಲ್ಲಿಟ್ರೆ ಅರಗು ಬಿಟ್ಕೊಳತ್ತೆ."

ಅಕ್ಕ ಸೌಟು ಕೆಳಗಿಟ್ಟಳು. "ದೇವೀನ ಪೀಠದಿಂದ ಎಬ್ಬಿಸ್ತೀರಾ? ಅತ್ತೆ ಅಲ್ಲಿ ಆಕ್ಸಿಜನ್ ಹಾಕ್ಕೊಂಡು ಮಲಗಿರುವಾಗ? ಹಬ್ಬಕ್ಕೆ ಅವಳನ್ನ ಫೋನಲ್ಲಿ ತೋರಿಸು ಅಂತ ಅವರು ಕೇಳಿದಾರೆ ರೀ. ಇನ್ನೇನೂ ಕೇಳಿಲ್ಲ."

"ಹತ್ತು ಯೆನ್ ನಾಣ್ಯ ಇಟ್ಟುಬಿಡೇ, ಅದರಲ್ಲಿ ದೇವಸ್ಥಾನಾನೇ ಇದೆ," ಭಾವ ಹೇಳಿದರು.

"ದೇವಸ್ಥಾನ ಇದೆ. ಒಳಗಡೆ ದೇವರೆಲ್ಲಿ?"

ಇಬ್ಬರೂ ನನ್ನ ಕಡೆ ತಿರುಗಿದರು. "ಹೇಳಿ ಲಾಯರಮ್ಮ," ಎಂದರು ಭಾವ.

ಹಬ್ಬದ ಮರುದಿನ ಕಲಶವನ್ನು ಒಂದಿಷ್ಟು ಸರಿಸುತ್ತಾರೆ. ಕದಲಿಸುವುದು ಎನ್ನುತ್ತಾರೆ. ಅಲ್ಲಿಗೆ ದೇವಿಯನ್ನು ಕಳಿಸಿಕೊಟ್ಟ ಹಾಗೆ. ನಾನು ಅದನ್ನೇ ಹಿಡಿದೆ: "ಕದಲಿಸಿದ ಮೇಲೆ ಅವಳು ಅಲ್ಲಿರಲ್ಲ ಅಂತ ನಿಮ್ಮದೇ ಶಾಸ್ತ್ರ. ಉಳಿಯೋದು ಪೆನ್ನಿ. ಶನಿವಾರ ಕದಲಿಸಿ, ಆಮೇಲೆ ಬಿಸಿನೀರು. ದೇವಿಗೂ ತೊಂದರೆ ಇಲ್ಲ, ಭಾವನಿಗೂ ಇಲ್ಲ."

ಅಕ್ಕ ಸೌಟನ್ನು ಮತ್ತೆ ಕೈಗೆತ್ತಿಕೊಂಡಳು. "ಶಾಸ್ತ್ರ ನಂಬದವಳಿಗೆ ಶಾಸ್ತ್ರ ಚೆನ್ನಾಗಿ ಗೊತ್ತಿದೆ," ಎಂದಳು. ಗೆದ್ದೆ. ಗೆದ್ದ ಮೇಲೆ ಅನ್ನಕ್ಕೆ ತುಪ್ಪ ನಾನೇ ಬಡಿಸಿಕೊಳ್ಳಬೇಕಾಯಿತು.

ಶುಕ್ರವಾರದ ಹೊತ್ತಿಗೆ ಭಾವನ ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದಿದ್ದರು. ಇಲ್ಲಿ ಅಕ್ಕ ಸೂಪರ್‌ಮಾರ್ಕೆಟ್ಟಿನಲ್ಲಿ ಜಪಾನಿನವರ ಮನೆದೇವರ ಗೂಡಿಗೆಂದು ಮಾರುವ ಎಲೆಗೊಂಚಲನ್ನು ಮಾವಿನೆಲೆ ಎಂದುಕೊಂಡು ಕಲಶಕ್ಕೆ ಸಿಕ್ಕಿಸಿದ್ದಳು. ಅವರ ಹಿರಿಯರಿಗೆಂದು ಕಟ್ಟಿಟ್ಟ ಸೇವಂತಿಗೆ ನಮ್ಮ ದೇವಿಯ ಮುಡಿ ಸೇರಿತ್ತು. ಭಾವ ಫೋನು ಹಿಡಿದರು. ಪರದೆಯಲ್ಲಿ ದಿಂಬಿಗೆ ಒರಗಿದ ಅಮ್ಮ, ಅರ್ಧದಷ್ಟಾಗಿದ್ದರು.

"ಹತ್ರ ತಾರೋ. ಕಾಣ್ತಿಲ್ಲ."

ಭಾವ ಫೋನನ್ನು ಪೀಠದ ಹತ್ತಿರ ಒಯ್ದರು.

"ಹಾಂ, ಬಂದ್ಲು. ದೀಪ ಮುಂದೆ ಬಂದಿದೆ ನೋಡಮ್ಮ, ಹಿಂದಕ್ಕಿಡು. ಅವಳ ಬೆನ್ನಿಗೆ."

"ಯಾಕತ್ತೆ ಬೆನ್ನಿಗೆ?" ಅಕ್ಕ ನನ್ನನ್ನೇ ನೋಡುತ್ತ ಕೇಳಿದಳು. "ಇಲ್ಲೊಬ್ಳು ವಾದ ಮಾಡ್ತಿದಾಳೆ."

"ಅವಳ ದೀಪ ಅಲ್ಲೇ ಇದ್ದದ್ದು. ನಾನು ಮದುವೆಯಾಗಿ ಬಂದಾಗ ಬೆನ್ನ ಹಿಂದೆ ಇಷ್ಟೇ ಇಷ್ಟು ದೀಪದ ಕಂಬ ಕಾಣ್ತಿತ್ತು. ಉಜ್ಜೀ ಉಜ್ಜೀ ಹೋಯ್ತು. ನಿಮ್ಮಜ್ಜಿ ಅಂದ್ರು, ಅವಳ ದೀಪ ನಾವು ಕಳೆದ್ವಿ, ನಾವೇ ಹಚ್ಚಬೇಕು ಅಂತ." ಕೆಮ್ಮು ಬಂತು. ಸುಧಾರಿಸಿಕೊಂಡು, "ನೀನ್ಯಾಕೋ ಹಂಗೆ ನಿಂತಿದೀಯ? ಫೋನ್ ಅಲ್ಲಾಡ್ತಿದೆ," ಎಂದರು.

ಭಾವ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ದೀಪದ ಕಂಬ ಎಂದರೆ ಲೈಟ್‌ಹೌಸು, ಲೈಟ್‌ಹೌಸು ಎಂದರೆ ಮೂವತ್ತೆಂಟು. ನೆಲಮಹಡಿಯ ಮನೆ ನಮ್ಮ ಕಣ್ಣೆದುರೇ ಹೋಯಿತು.

"ಏನಿಲ್ಲಮ್ಮ," ಎಂದರು ಭಾವ. "ನೀನು ಚೆನ್ನಾಗಿ ಕಾಣ್ತಿದೀಯ."

ಶನಿವಾರ ಬೆಳಿಗ್ಗೆ ಅಕ್ಕ ಕಲಶ ಕದಲಿಸಿದಳು. ಮಾತಿಗೆ ತಪ್ಪುವವಳಲ್ಲ. ಕೆಟಲಿನಲ್ಲಿ ನೀರು ಕಾಯಿಸಿ, ಪಕ್ಕದಲ್ಲಿ ಬೋಗುಣಿ ಇಟ್ಟು, ಪೀಠವನ್ನು ತಂದು ನನ್ನ ಮುಂದೆ ಇಟ್ಟಳು. "ಗೆದ್ದಿದೀಯಲ್ಲ. ಎಬ್ಬಿಸು."

"ಬೇಕಾಗಿಲ್ಲ," ಎಂದೆ. "ಸಾಕ್ಷಿ ಸಿಕ್ಕಿದೆ. ಮೂವತ್ತೆಂಟು."

ಭಾವ ಬಿಡಲಿಲ್ಲ. "ಅದ್ಯಾವ ಸಾಕ್ಷಿ? ಐವತ್ತು ವರ್ಷದ ಹಿಂದೆ ನೋಡಿದ್ದನ್ನ ಅಮ್ಮ ನೆನಪಿಂದ ಹೇಳಿದ್ದು. ಲಾಯರಮ್ಮ ಇದನ್ನ ಒಪ್ತಾರಾ?"

"ಒಪ್ತೀನಿ. ನೆನಪೊಂದೇ ಅಲ್ಲ, ಭಾವ. ದೀಪ ಪ್ರತಿ ವರ್ಷ ಅದೇ ಜಾಗದಲ್ಲಿ ಇಟ್ಟಿದಾರೆ. ಲೈಟ್‌ಹೌಸಿನ ಹೆಸರೇ ಕೇಳದವರು."

"ಅಂದ್ರೆ?" ಅಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡಳು. "ಬಿಡಿಸಿ ಹೇಳು, ನಂಗೆ ಇಂಗ್ಲಿಷ್ ಡಿಬೇಟ್ ಎಲ್ಲ ಬರಲ್ಲ."

ನಾನು ಕಿಟಕಿಯ ಕಡೆ ನೋಡಿದೆ. ಹೊರಗೆ ಮಾಸ್ಕು ಹಾಕಿಕೊಂಡ ಒಬ್ಬರು ನಾಯಿಯನ್ನು ನಡೆಸುತ್ತಿದ್ದರು. ಸಹಾಯಕ್ಕೆ ಬರುವಂತೆ ಕಾಣಲಿಲ್ಲ.

"ಅತ್ತೆ ಹಾಗೇ ಇಡ್ತಿದ್ರು," ಎಂದೆ.

ಅಕ್ಕ ಪೀಠವನ್ನು ಎತ್ತಿಕೊಂಡು ಹೋಗಿ ಕುಕ್ಕರಿನ ಪಕ್ಕ ಇಟ್ಟಳು. ಬರುವಾಗ ನನ್ನ ಮುಂದೆ ಒಂದು ಲೋಟ ಕಾಫಿ ಕುಕ್ಕಿ, ನಾನು ಕೇಳುವ ಮೊದಲೇ ಇನ್ನೊಂದನ್ನೂ ಇಟ್ಟಳು. ಭಾವ ಬೋಗುಣಿಯನ್ನು ಸಿಂಕಿನ ಪಕ್ಕಕ್ಕೆ ಎತ್ತಿಟ್ಟರು. ಆಮೇಲೆ ಬೀದಿಯ ಕೊಂಬಿನಿ ಅಂಗಡಿಯಿಂದ ತಂದಿಟ್ಟಿದ್ದ ಕಪ್ ನೂಡಲ್ಸಿನ ಮುಚ್ಚಳ ಕಿತ್ತು, ಕಾದ ನೀರನ್ನು ಅದಕ್ಕೆ ಸುರಿದುಕೊಂಡು, ಅಮ್ಮನಿಗೆ ಫೋನು ಮಾಡಲು ಕೂತರು.