ಎರಡನೇ ಸಾಲಿನ ಬಿಡುವು

ಸೆವೆರಿನ್ ದ್ರೋಜ್ದ್ ಆರ್ಗನ್ ನುಡಿಸುವುದನ್ನು ಊರೆಲ್ಲ ಕೇಳಿತ್ತು, ಅವನ ಹೆಂಡತಿಯೊಬ್ಬಳನ್ನು ಬಿಟ್ಟು. ಅಪೊಲೋನ್ಯಾ ಕೇಳಲೇ ಇಲ್ಲವೆಂದಲ್ಲ. ಆದರೆ ಅವಳು ಕೇಳಿದ್ದೆಲ್ಲ ಆರ್ಗನ್ನಿನ ಬೆನ್ನ ಹಿಂದೆ, ಹಲಗೆಗೋಡೆಯ ಆಚೆ ನಿಂತು, ತಿದಿಯ ತೊಲೆಗಳು ಕಿರುಗುಟ್ಟುವ ಸದ್ದಿನ ನಡುವೆ. ಮದುವೆಯ ಊಟವನ್ನು ಅಡಿಗೆಮನೆಯ ಹೊಗೆಯಲ್ಲೇ ಉಂಡ ಹಾಗೆ.

ಯುದ್ಧ ಮುಗಿದ ಮರುವರ್ಷ ಸೆವೆರಿನ್ ವಿಸ್ವಾ ನದಿ ದಂಡೆಯ ನಮ್ಮ ಕೆಥೆಡ್ರಲ್ಲಿಗೆ ಆರ್ಗನ್ ನುಡಿಸಲು ಬಂದ. ಗಾಡಿ ಮಾಡುವ ಬಡಗಿಯ ಮಗ, ಮಾತು ಕಡಿಮೆ, ಬೆರಳು ಉದ್ದ. ಆರ್ಗನ್ನಿಗೆ ಗಾಳಿ ತುಂಬಲು ಮೊದಲು ಇಬ್ಬರು ಗಟ್ಟಿ ಆಳುಗಳು ತಿದಿ ತುಳಿಯುತ್ತಿದ್ದರು. ಒಬ್ಬ ಯುದ್ಧದಿಂದ ಮರಳಲಿಲ್ಲ, ಮರಳಿದ ಇನ್ನೊಬ್ಬ ಒಂದು ಕಾಲನ್ನು ಅಲ್ಲೇ ಬಿಟ್ಟು ಬಂದಿದ್ದ. ಹೊಸ ಮದುವಣಗಿತ್ತಿ ಅಪೊಲೋನ್ಯಾ, "ನಾಲ್ಕು ಭಾನುವಾರ ನಾನೇ ತುಳೀತೀನಿ ಬಿಡು" ಎಂದಳು. ಆ ನಾಲ್ಕು ಭಾನುವಾರ ಇಪ್ಪತ್ತೆಂಟು ವರ್ಷವಾಯಿತು.

ಕಮ್ಮಾರನ ಸಾಲೆಯ ತಿದಿಯಲ್ಲ ಅದು. ಬಾಗಿಲ ಮೇಲಿನ ಅಟ್ಟದಲ್ಲಿ, ಆರ್ಗನ್ನಿನ ಹಿಂದೆ, ಮಂಚದಷ್ಟು ಅಗಲದ ಎರಡು ಚರ್ಮದ ತಿದಿಗಳು, ಒಂದೊಂದಕ್ಕೂ ಒಂದು ತೊಲೆ. ತೊಲೆ ಹತ್ತಿ ಮೈಭಾರ ಬಿಟ್ಟು ಅದನ್ನು ಇಳಿಸಬೇಕು, ಆಮೇಲೆ ಪಕ್ಕದ್ದನ್ನು ಹತ್ತಬೇಕು. ಅವಳ ಮೈಯಲ್ಲೋ ಭಾರವೇ ಇರಲಿಲ್ಲ.

"ಇನ್ನೆರಡು ಪಿಯೆರೋಗಿ ಕಡುಬು ತಿನ್ನೇ ಪೋಲಾ, ಈಸ್ಟರಿಗೆ ಗಾಳಿ ಸಾಲಲ್ಲ" ಎಂದು ಅವನು ತಟ್ಟೆ ತಳ್ಳುತ್ತಿದ್ದ.

"ಗಾಳಿ ಬೇಕಾದ್ರೆ ನಿನ್ನ ಮೇಳದವ್ರನ್ನ ತುಳಿಸು. ಅವ್ರ ಹತ್ರ ಬೇಕಾದಷ್ಟಿದೆ" ಎಂದು ಅವಳು ಹಿಂದಕ್ಕೆ ತಳ್ಳುತ್ತಿದ್ದಳು.

ಡಿಸೆಂಬರಿನಲ್ಲಿ ಹಾಳೆಯಷ್ಟು ತೆಳುವಾದ ಕ್ರಿಸ್ಮಸ್ಸಿನ ಪವಿತ್ರ ರೊಟ್ಟಿಗಳನ್ನು ಮನೆಮನೆಗೆ ಹಂಚುವುದೂ ಆರ್ಗನ್ನಿನವನದೇ ಕೆಲಸ. ಯಾರ ಮನೆಯಲ್ಲಿ ಯಾರು ಕಾಯಿಲೆ ಬಿದ್ದು ಮಲಗಿದ್ದಾರೆ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಎಂಬುದೆಲ್ಲ ಅವನಿಗೆ ಗೊತ್ತಿರುತ್ತಿತ್ತು, ಯಾರಿಗೂ ಹೇಳುತ್ತಿರಲಿಲ್ಲ. ಬೆಳಗಿನ ಹೊತ್ತು ಅಡಿಗೆಮನೆಯ ಮೇಜಿನ ಮೇಲೆ ಸ್ವರ ಬರೆಯುತ್ತಿದ್ದ. ಡ್ರಾಯರು ತುಂಬಿ ಸೇಬಿನ ಪೆಟ್ಟಿಗೆಗಳೂ ತುಂಬಿದವು. ಅಚ್ಚಾದದ್ದು ಮಾತ್ರ ಒಂದೂ ಇಲ್ಲ. ವಾರ್ಸಾದಲ್ಲಿ ಯಾರ್ಯಾರದೋ ಕಸವೆಲ್ಲ ಅಚ್ಚಾಗುತ್ತಿತ್ತು ಎಂಬುದು ನನ್ನ ಸಂಕಟ. ಅವನಿಗೆ ಆ ಸಂಕಟ ಇದ್ದಂತೆ ಕಾಣಲಿಲ್ಲ, ಅಪೊಲೋನ್ಯಾಳಿಗೆ ಇತ್ತು. ಅವನು ಕಟ್ಟಿದ ಮೇ ತಿಂಗಳ ಮರಿಯ ಮಾತೆಯ ಹಾಡಂತೂ ಊರಿಗೇ ಬಾಯಿಪಾಠ. ಅದರ ಎರಡನೇ ಸಾಲಾದ ಮೇಲೆ ಒಂದು ನಿಶ್ಶಬ್ದ ಬರುತ್ತದೆ. ಒಂದು ತುಂಬು ಉಸಿರಿನಷ್ಟು. ಹಾಡೆಂದರೆ ಹಾಗೇ ಇರುತ್ತದೆ ಎಂದುಕೊಂಡಿದ್ದಳು ಅಪೊಲೋನ್ಯಾ.

ಎಪ್ಪತ್ತನಾಲ್ಕರ ಜೂನಿನಲ್ಲಿ ಆರ್ಗನ್ನಿಗೆ ಮೋಟಾರು ಬಂತು. ಅಪೊಲೋನ್ಯಾಳ ಕಾಲುಗಳು ಅಷ್ಟರಲ್ಲಿ ಬಾತಿದ್ದವು. ಇನ್ನು ಕೆಳಗೆ ಕೂತು ಪೂಜೆ ಕೇಳಮ್ಮ ಎಂದರು ಇಗರ್ಜಿಯವರು. ಮೂರನೇ ಸಾಲಿನ ಬೆಂಚಿನಲ್ಲಿ ಚಮ್ಮಾರನ ವಿಧವೆ ಸಾಲೊಮೆಯಾ ಜಾಗ ಕೊಟ್ಟು, "ನಿಮ್ಮನ್ನ ಇಗರ್ಜೀಲಿ ನೋಡ್ತಿರೋದು ಇದೇ ಮೊದಲು. ಪಾಪನಿವೇದನೆ ಆಯ್ತಾ?" ಎಂದಳು.

ಆರ್ಗನ್ ಶುರುವಾದಾಗ ಅಪೊಲೋನ್ಯಾ ಬೆಂಚಿನ ಅಂಚು ಹಿಡಿದುಕೊಂಡಳು. ಇಷ್ಟು ದೊಡ್ಡದು, ಇಷ್ಟು ಚಂದದ್ದು ತನ್ನ ಗಂಡನ ಕೈಯಿಂದ ಬರುತ್ತಿತ್ತೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅತ್ತಳು. ಅದು ಪೂರ್ತಿ ಸಂತೋಷದ ಅಳುವಾಗಿರಲಿಲ್ಲ. ನಾನಿಲ್ಲದೆಯೂ ಇಷ್ಟು ಚೆನ್ನಾಗಿದೆಯಲ್ಲ ಎಂದು ಹೊಟ್ಟೆ ಉರಿಯಿತು.

ಆ ತಿಂಗಳೇ ಫಾದರ್ ಕಾಯೆತಾನ್ ಊಟಕ್ಕೆ ಬಂದರು. ಬಿಷಪ್ಪರು ಹೊಸ ಹಾಡಿನ ಪುಸ್ತಕ ಮಾಡಿಸುತ್ತಿದ್ದರು, ಹಾಡು ಆರಿಸುವ ಕೆಲಸ ಇವರದು.

"ನಿಮ್ಮ ಮೇ ತಿಂಗಳ ಹಾಡು ಬಂಗಾರ, ದ್ರೋಜ್ದ್ ಅವ್ರೆ. ಆದ್ರೆ ಎರಡನೇ ಸಾಲಾದ ಮೇಲೆ ಅದೇನು ಹಳ್ಳ? ನೆಟ್ಟಗೆ ಹೋಗ್ತಾ ಇದ್ದೋರು ದೊಪ್ಪಂತ ಬಿದ್ದ ಹಾಗಾಗುತ್ತೆ. ಅದೊಂದು ಮುಚ್ಚಿಬಿಡಿ, ಪುಸ್ತಕಕ್ಕೆ ಹಾಕ್ತೀನಿ."

"ಅದು ಹಾಗೇ ಇರ್ಲಿ ಫಾದರ್."

"ಯಾಕೆ?"

ಸೆವೆರಿನ್ ಸೂಪಿನ ಬಟ್ಟಲನ್ನೇ ನೋಡಿದ. "ಇರ್ಲಿ."

"ನಾಳೆ ಬಂದು ಹೇಳ್ತಾರೆ" ಎಂದು ಅಪೊಲೋನ್ಯಾ ಅಡ್ಡ ಬಂದಳು. ಪಾದ್ರಿ ಹೊರಟದ್ದೇ ತಡ, ಸೌಟು ಹಿಡಿದೇ ತಿರುಗಿದಳು. "ದೇವರು ವರ ಕೊಟ್ರೂ ಪೂಜಾರಿ ಕೊಡ ಅಂತಾರೆ. ಇಲ್ಲಿ ಪಾದ್ರೀನೇ ಕೊಡ್ತೀನಂದ್ರೂ ನೀನು ಬೇಡ ಅಂತೀಯಲ್ಲೋ. ಏನಿದೆ ಅಲ್ಲಿ, ನಿಧಿ ಹೂತಿದೀಯಾ?"

"ಅದು ನಿನ್ನ ಜಾಗ ಕಣೇ."

"ಯಾವ ಜಾಗ?"

"ಬಲಗಡೆ ತೊಲೆ ಇಳಿದು ಎಡಗಡೇದು ಹತ್ತೋಕೆ ನಿಂಗೊಂದು ಉಸಿರು ಬೇಕಾಗಿತ್ತು. ಗೋಡೆ ಆಚೆಯಿಂದ ನೀನು ಏದೋದು ಕೇಳ್ತಿತ್ತು. ಅಷ್ಟು ಜಾಗ ಬಿಟ್ಟೆ. ಎಲ್ಲಾ ಹಾಡಲ್ಲೂ ಬಿಟ್ಟಿದೀನಿ."

ಅಪೊಲೋನ್ಯಾ ಕುರ್ಚಿ ಎಳೆದು ಕೂತಳು. ಇಪ್ಪತ್ತೆಂಟು ವರ್ಷ ಒಮ್ಮೆಯೂ ಬಾಯಿಬಿಡದ ಈ ಮನುಷ್ಯನ ಮೇಲೆ ಅವಳಿಗೆ ಪ್ರೀತಿಯೂ ಸಿಟ್ಟೂ ಒಟ್ಟಿಗೇ ಬಂದವು. ತಾನು ಗಂಡಸರಿಬ್ಬರ ಕೆಲಸ ಸಲೀಸಾಗಿ ಮಾಡಿದೆನೆಂದು ಜಂಬಪಟ್ಟಿದ್ದಳು ಬೇರೆ.

"ಮೋಟಾರಿಗೆ ಏದುಸಿರು ಬರಲ್ಲ. ತೆಗಿ" ಎಂದಳು.

"ನಿಜವಾಗ್ಲೂ?"

"ನಿನ್ನ ಹೆಸರು ಅಚ್ಚಲ್ಲಿ ನೋಡ್ಬೇಕು ನಂಗೆ. ತೆಗಿ ಅಂದೆನಲ್ಲ."

ಅವನು ಹಾಡಿನ ಹಾಳೆಯನ್ನೂ ಬ್ಲೇಡನ್ನೂ ತಂದು ಆ ಬಿಡುವಿನ ಗುರುತನ್ನು ಮೆಲ್ಲನೆ ಕೆರೆದ, ಮುಂದಿನ ಸ್ವರವನ್ನು ಪಕ್ಕಕ್ಕೆ ತಂದು ಕೂಡಿಸಿದ. ಅಪೊಲೋನ್ಯಾ ಒಲೆಯ ಕಡೆ ಮುಖ ತಿರುಗಿಸಿಕೊಂಡಿದ್ದಳು. ಆ ಮಧ್ಯಾಹ್ನ ಸಿಕ್ಕಿದ ಅವಳ ಜಾಗ ಆ ಮಧ್ಯಾಹ್ನವೇ ಹೋಯಿತು.

ಮರುವರ್ಷದ ಮೇ ತಿಂಗಳ ಕೊನೆಯ ಭಾನುವಾರ ಸಂಜೆ, ಪುಸ್ತಕ ಬಿಡುಗಡೆಗೆ ಬಿಷಪ್ಪರೇ ಬಂದರು. ಮುಂದೆ ಗುರುಮಠದಲ್ಲಿ ಪಾದ್ರಿಯಾಗಲು ಓದುತ್ತಿದ್ದ ಹುಡುಗರ ಮೇಳ, ಎಲ್ಲರ ಕೈಯಲ್ಲೂ ಹೊಸ ಪುಸ್ತಕ. ಹಿಂದೆ ಊರವರು, ನಾಲ್ಕುನೂರು ಜನ, ಪುಸ್ತಕವಿಲ್ಲದೆ. ಬಾಯಿಪಾಠದ ಹಾಡಿಗೆ ಪುಸ್ತಕ ಯಾಕೆ? ಅಪೊಲೋನ್ಯಾ ತನ್ನ ಪ್ರತಿಯಲ್ಲಿ ಗಂಡನ ಹೆಸರಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಳು. ಖುಷಿಯಾಗಿಯೇ ಇದ್ದಳು, ಸುಳ್ಳಲ್ಲ.

ಸೆವೆರಿನ್ ಮಾತು ಕೊಟ್ಟಂತೆ ಅಚ್ಚಿನಲ್ಲಿದ್ದ ಹಾಗೇ ನುಡಿಸಿದ. ಒಂದನೇ ಸಾಲು, ಎರಡನೇ ಸಾಲು. ಆರ್ಗನ್ನೂ ಮೇಳವೂ ನಿಲ್ಲದೆ ಮೂರನೇ ಸಾಲಿಗೆ ದಾಟಿದವು. ಊರು ದಾಟಲಿಲ್ಲ. ರೊಟ್ಟಿಯಂಗಡಿಯವನು, ಅಂಚೆಯವಳು, ಮೀನುಗಾರರು, ಕಂಕುಳಲ್ಲಿ ಮಗು ಹೊತ್ತವರು, ಎಲ್ಲರೂ ಅಲ್ಲಿ ನಿಂತು ಒಂದು ಉಸಿರು ಎಳೆದುಕೊಂಡರು. ನಾಲ್ಕುನೂರು ಎದೆಗಳು ಒಟ್ಟಿಗೆ ತುಂಬಿದ ಸದ್ದು ಆ ಕಲ್ಲಿನ ಮಾಡಿನ ಕೆಳಗೆ ಚೆನ್ನಾಗಿಯೇ ಕೇಳಿಸಿತು. ಮೇಲೆ ಅಟ್ಟದಲ್ಲಿ ಸೆವೆರಿನ್ ಮಣೆಗಳಿಂದ ಕೈ ಎತ್ತಿಬಿಟ್ಟ. ಮೇಳ ಮಾತ್ರ ಎರಡು ಪದ ಮುಂದೆ ಹೋಗಿ, ಸುತ್ತ ಯಾರೂ ಇಲ್ಲವೆಂದು ತಿಳಿದು, ಕೆಂಪಾಗಿ ನಿಂತಿತು.

"ಉಸಿರಾಡೋದೂ ಕಲಿಸಿಲ್ಲ ಪಾಪ ಇವ್ರಿಗೆ" ಎಂದಳು ಸಾಲೊಮೆಯಾ, ಮೇಳದ ಕಡೆ ಗದ್ದ ಚಾಚಿ.

ಅಪೊಲೋನ್ಯಾ ಪುಸ್ತಕ ಮುಚ್ಚಿದಳು. ತನ್ನ ಏದುಸಿರನ್ನು ಇಡೀ ಊರು ಇಷ್ಟು ವರ್ಷ ತನ್ನ ಜೊತೆಗೇ ಏದಿತ್ತು, ತೊಲೆಯ ಸದ್ದಿನಲ್ಲಿ ಅವಳಿಗೊಬ್ಬಳಿಗೇ ಅದು ಕೇಳಿಸಿರಲಿಲ್ಲ. ಕಣ್ಣೊರೆಸಿಕೊಳ್ಳುವಷ್ಟು ಹೊತ್ತೂ ಇರಲಿಲ್ಲ. ಮೂರನೇ ಸಾಲು ಬಂದೇಬಿಟ್ಟಿತು, ಅವಳು ಎಲ್ಲರ ಜೊತೆ ಹಾಡಿದಳು.