ಒಂದೇ ಚೀಲ ಸುಣ್ಣ

ನ್ಯಾಮತಿಯ ರಸೂಲ್ ಸಾಬರದು ಮನೆಗಳಿಗೆ ಸುಣ್ಣ ಬಳಿಯುವ ಕಸುಬು. ಆದರೆ ಶಾಲೆ ಕಾಲೇಜುಗಳ ಕ್ರೀಡಾಕೂಟದ ಕಾಲ ಬಂತೆಂದರೆ ಬ್ರಷ್ಷು ಮೂಲೆಗೆ, ಹಗ್ಗ ಕೈಗೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಎಲ್ಲಿ ಕೂಟ ನಡೆದರೂ ಓಟದ ಟ್ರ್ಯಾಕ್ ಎಳೆಯಲು ಅವರೇ ಬೇಕು. ಗೂಟ ನೆಟ್ಟು, ಹಗ್ಗ ಬಿಗಿಹಿಡಿದು, ತಳಕ್ಕೆ ತೂತು ಕೊರೆದ ಡಬ್ಬಿಯಿಂದ ಸುಣ್ಣದ ಪುಡಿ ಉದುರಿಸುತ್ತ ಅವರು ಒಂದು ಸುತ್ತು ಬಂದರೆ ಗೆರೆ ಎಲ್ಲಿಯೂ ಸೊಟ್ಟ ಇರುತ್ತಿರಲಿಲ್ಲ. ಮೂವತ್ತು ವರ್ಷ ಈ ಕೆಲಸ ಮಾಡಿದವರ ಹೆಸರನ್ನು ಯಾರಾದರೂ ಮೈಕಿನಲ್ಲಿ ಹೇಳಿದ್ದುಂಟೇ? ಇಲ್ಲ. ಹೋಗಲಿ, ಅವರಿಗೂ ಅದು ಬೇಕಿರಲಿಲ್ಲ.

ಅವರಿಗೆ ಬೇಕಿದ್ದದ್ದು ಇನ್ನೊಂದು ಚೀಲ ಸುಣ್ಣ. ಕೂಟದ ಸಮಿತಿಯವರು ದಿನಕ್ಕೆ ಕೊಡುತ್ತಿದ್ದದ್ದು ಒಂದೇ ಚೀಲ. ಬೆಳಿಗ್ಗೆ ಎಳೆದ ಗೆರೆ ಹುಡುಗರ ಕಾಲಿಗೆ ಸಿಕ್ಕಿ ಮಧ್ಯಾಹ್ನದ ಹೊತ್ತಿಗೆ ಮಾಯ. ಕೇಳಲು ಹೋದರೆ ಸಮಿತಿಯ ಅಧ್ಯಕ್ಷ ಜಯಪ್ಪ, "ಸಾಬ್ರೆ, ನೀವು ದಪ್ಪ ಎಳೀತೀರಿ, ತೆಳ್ಳಗೆ ಎಳೀರಿ" ಅನ್ನುವರು. ಅತ್ತ ವೇದಿಕೆಗೆ ಶಾಮಿಯಾನ, ಅತಿಥಿಗಳಿಗೆ ಆಳೆತ್ತರದ ಹಾರ, ಶಾಲು, ತಟ್ಟೆ ತುಂಬ ಗೋಡಂಬಿ. ಅದಕ್ಕೆ ಯಾವತ್ತೂ ಕೊರತೆ ಬಿದ್ದದ್ದಿಲ್ಲ, ನೋಡಿ. ಒಮ್ಮೆ ಗೆರೆ ಅಳಿಸಿಹೋಗಿ ತೀರ್ಪುಗಾರರು ಜಗಳಕ್ಕೆ ಬಿದ್ದಾಗ ಎಲ್ಲರ ಎದುರು ಬೈಸಿಕೊಂಡವರು ರಸೂಲರೇ. ಅಂದಿನಿಂದ ಅವರು ತಿರುವಿನಲ್ಲಿ ಕೋಲು ಹಿಡಿದು ನಿಲ್ಲತೊಡಗಿದರು. "ಗೆರೆ ತುಳಿಬ್ಯಾಡ್ರೋ, ಒಂದಡಿ ಬಿಟ್ಟು ಓಡ್ರಿ" ಎಂದು ದಿನವಿಡೀ ಕೂಗುವುದೇ ಕೆಲಸವಾಯಿತು.

ಹೇಳಿದ ಮಾತು ಹುಡುಗರು ಎಲ್ಲಿ ಕೇಳುತ್ತಾರೆ? ಕೇಳಿದವನು ಒಬ್ಬನೇ, ಸವಳಂಗದ ನಿಂಗರಾಜ್. ಕೂಲಿಯವರ ಮಗ, ಬರಿಗಾಲಲ್ಲಿ ದೂರದ ಓಟ ಓಡುವವನು. ಐದನೇ ಕ್ಲಾಸಿನಿಂದ ಪಿಯುಸಿವರೆಗೆ ರಸೂಲರ ಟ್ರ್ಯಾಕುಗಳ ಮೇಲೆಯೇ ಓಡಿದ, ಒಂದು ದಿನವೂ ಗೆರೆ ಮುಟ್ಟಲಿಲ್ಲ. ರಸೂಲರಿಗೆ ಅವನೆಂದರೆ ಪ್ರಾಣ. ಮುಂದೆ ಅವನು ಕ್ರೀಡಾ ಹಾಸ್ಟೆಲ್ ಸೇರಿದ, ದೇಶದ ತಂಡಕ್ಕೆ ಆಯ್ಕೆಯಾದ, ಈ ವರ್ಷ ಏಷ್ಯಾ ಮಟ್ಟದ ಕೂಟದಲ್ಲಿ ಹತ್ತು ಸಾವಿರ ಮೀಟರ್ ಫೈನಲ್‌ಗೆ ನಿಂತ.

ಆ ಓಟ ನೋಡಲು ನ್ಯಾಮತಿಯ ವಿನೋದನ ಟೀ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಟ್ಟು ಇಪ್ಪತ್ತೈದು ಸುತ್ತು. ಇಪ್ಪತ್ತರವರೆಗೂ ನಿಂಗರಾಜ್ ಮುಂದಿನ ನಾಲ್ವರಲ್ಲಿ ಒಬ್ಬನಾಗಿದ್ದ. ಆಗ ಕ್ಯಾಮೆರಾ ಮೇಲಿನಿಂದ ತೋರಿಸಿತು. ಉಳಿದವರು ಟ್ರ್ಯಾಕಿನ ಒಳಅಂಚಿಗೆ ಅಂಟಿಕೊಂಡು ಓಡುತ್ತಿದ್ದರೆ ಇವನೊಬ್ಬ ಒಂದಡಿ ಆಚೆ. ಟಿವಿಯವನು ಹಿಂದಿಯಲ್ಲಿ, ಈ ಭಾರತದ ಹುಡುಗ ಪ್ರತಿ ಸುತ್ತಿಗೂ ಸುಮ್ಮನೆ ಹೆಚ್ಚು ದೂರ ಓಡುತ್ತಿದ್ದಾನೆ, ಇವನಿಗೆ ಹೀಗೆ ಯಾರು ಕಲಿಸಿದರೋ ಅಂದ. ರಸೂಲರು ಟೀ ಲೋಟ ಕೆಳಗಿಟ್ಟರು.

"ಏನಂದ್ನ ಸಾಬ್ರೆ?" ಎಂದು ವಿನೋದ ಕೇಳಿದ.

"ಚೆನ್ನಾಗಿ ಓಡ್ತಾನೆ ಅಂದ" ಎಂದುಬಿಟ್ಟರು.

ನಿಂಗರಾಜ್ ನಾಲ್ಕನೆಯವನಾದ. ಪದಕ ಗೆದ್ದ ಮೂರನೆಯವನಿಗೂ ಇವನಿಗೂ ನಡುವೆ ಇದ್ದದ್ದು ಎರಡು ಹೆಜ್ಜೆ.

ಮನೆಗೆ ಬಂದ ರಸೂಲರು ಹೆಂಡತಿ ತಾಜ್‌ಬೀ ಎದುರು ಕೂತರು. ಹೊರಸುತ್ತು ಉದ್ದವಾದ್ದರಿಂದ ಹೊರಗಿನ ಲೇನಿನವನನ್ನು ಎಷ್ಟು ಮುಂದೆ ನಿಲ್ಲಿಸಬೇಕು ಎಂಬ ಲೆಕ್ಕ ಅವರಿಗೆ ಬಾಯಿಪಾಠ. ಒಂದಡಿ ಆಚೆ ಓಡಿದರೆ ಸುತ್ತಿಗೆ ಹತ್ತಿರ ಹತ್ತಿರ ಎರಡು ಮೀಟರ್ ಹೆಚ್ಚು. ಇಪ್ಪತ್ತೈದು ಸುತ್ತಿಗೆ ಎಷ್ಟಾಯಿತು? ನಲವತ್ತು ಮೀಟರ್ ದಾಟಿತು. "ಆ ಹುಡುಗನ ಪದಕ ನಾನೇ ಕಿತ್ಕಂಡೆ ಕಣೆ" ಎಂದು ಬಿಕ್ಕಿದರು.

ತಾಜ್‌ಬೀ ಸಮಾಧಾನದ ಮಾತಾಡಲಿಲ್ಲ. "ನಂಗೆ ಹೇಳಿ ಏನು ಬಂತು? ಊರಿಗೆ ಹೇಳ್ರಿ" ಅಂದರು.

ಹೇಳುವ ಧೈರ್ಯ ಬರಲಿಲ್ಲ. ಊರು ಮಾತ್ರ ಬಾಯಿಗೆ ಬಂದಂತೆ ಆಡಿತು. ಕೊನೆಗೆ ದಮ್ಮು ಸಾಲಲಿಲ್ಲ ಅಂದರು, ಹೊರದೇಶ ನೋಡಿ ಕಾಲು ನಡುಗಿತು ಅಂದರು. ಬಸ್ಸಿಗೆ ನಾಲ್ಕು ಹೆಜ್ಜೆ ಓಡಿದರೆ ಏದುಸಿರು ಬಿಡುವವರು ಹೇಳಿದ ಮಾತಿದು. ಕೇಳಿಸಿಕೊಂಡಾಗಲೆಲ್ಲ ರಸೂಲರ ಮೈ ಉರಿಯುತ್ತಿತ್ತು.

ಎರಡು ವಾರದ ನಂತರ ಹೊನ್ನಾಳಿಯಲ್ಲಿ ಸಮಿತಿಯವರು ನಿಂಗರಾಜನಿಗೆ ಸನ್ಮಾನ ಇಟ್ಟುಕೊಂಡರು. ಶಾಲು ಹೊದಿಸಿದ ಜಯಪ್ಪ ಮೈಕು ಹಿಡಿದು, ಸಮಿತಿ ಎಲ್ಲ ಸೌಲಭ್ಯ ಕೊಟ್ಟರೂ ನಮ್ಮ ಹಳ್ಳಿ ಹುಡುಗರಿಗೆ ಛಲ ಸಾಲದು, ಅದೊಂದೇ ಬೇಜಾರು ಎಂದು ಭಾಷಣ ಬಿಗಿದರು. ಎಲ್ಲ ಸೌಲಭ್ಯವಂತೆ! ಹೇಳುವ ನಾಲಿಗೆಗೆ ನಾಚಿಕೆಯಾದರೂ ಬೇಡವೇ? ಹಿಂದಿನ ಸಾಲಿನಲ್ಲಿ ಕೂತಿದ್ದ ರಸೂಲರು ಎದ್ದು ನಿಂತರು.

"ಅವನ್ನ ಯಾಕೆ ಅಂತೀರಿ? ತಪ್ಪು ನಂದು. ಒಂದಡಿ ದೂರ ಓಡು ಅಂತ ಕೋಲು ಹಿಡಿದು ಕಲಿಸಿದೋನು ನಾನು" ಎಂದು ಸಭೆಯ ಎದುರು ಎಲ್ಲವನ್ನೂ ಹೇಳಿಬಿಟ್ಟರು.

ನಿಂಗರಾಜ್ ವೇದಿಕೆ ಇಳಿದು ಅವರ ಹತ್ತಿರ ಬಂದ. "ನಂಗೆ ಗೊತ್ತಿತ್ತು ಚಾಚಾ. ಕೋಚ್ ಆರು ವರ್ಷದಿಂದ ತಿದ್ತಾನೇ ಅದಾರೆ. ಪ್ರಾಕ್ಟೀಸ್‌ನಾಗೆ ಸರಿಯಾಗೇ ಓಡ್ತೀನಿ. ದೊಡ್ಡ ಓಟಕ್ಕೆ ನಿಂತಾಗ ಮಾತ್ರ ಕಾಲು ತಾನಾಗೇ ಆಚೆ ಹೋಗ್ತೈತೆ."

"ಹಂಗಾದ್ರೆ ನಂಗ್ಯಾಕೋ ಹೇಳ್ಲಿಲ್ಲ? ಆಮೇಲಿನ ಹುಡುಗ್ರಿಗಾದ್ರೂ ಬೈಯೋದು ಬಿಡ್ತಿದ್ದೆ."

"ಬಿಟ್ಟಿದ್ರೆ ಅವರು ಗೆರೆ ಇಲ್ದಂಗೆ ಓಡ್ಬೇಕಿತ್ತು. ಇದ್ದದ್ದೇ ಒಂದು ಚೀಲ, ನೀವಾದ್ರೂ ಏನ್ ಮಾಡಾಕೆ ಆಗ್ತಿತ್ತು?"

ಎರಡು ವಾರ ತಮ್ಮನ್ನೇ ಬೈದುಕೊಂಡಿದ್ದ ರಸೂಲರಿಗೆ ಆಗ ಸಿಟ್ಟು ಬಂತು, ತಮ್ಮ ಮೇಲಲ್ಲ. ವೇದಿಕೆಯತ್ತ ನೋಡಿದರು. ಜಯಪ್ಪ ಆಗಲೇ ವಂದನಾರ್ಪಣೆಗೆ ಸನ್ನೆ ಮಾಡುತ್ತಿದ್ದರು.

ಮುಂದಿನ ಕೂಟ ಜಗಳೂರಿನಲ್ಲಿ. ಇಷ್ಟೆಲ್ಲ ಆದ ಮೇಲೂ ಸಮಿತಿ ಕಳಿಸಿದ್ದು ಒಂದೇ ಚೀಲ. ರಸೂಲರು ಟ್ರ್ಯಾಕ್ ಎಳೆದರು, ಅದೂ ಎಂದಿನಷ್ಟೇ ದಪ್ಪಗೆ. ಆಮೇಲೆ ಬೇವಿನ ಮರದ ಕೆಳಗೆ ಕೂತರು. ಹುಡುಗರು ಗೆರೆಯ ಮೇಲೆಯೇ ಓಡಿದರು, ಅವರು ಕೋಲು ಹಿಡಿದು ಕೂಗಲಿಲ್ಲ. ಮಧ್ಯಾಹ್ನ ಐದು ಸಾವಿರ ಮೀಟರ್ ಓಟಕ್ಕೆ ಕರೆದಾಗ ಮೈದಾನ ಬರಿ ಮಣ್ಣು. ವೇದಿಕೆಯ ಮೇಲೆ ಅತಿಥಿಗಳು ಕೈಗಡಿಯಾರ ನೋಡುತ್ತಿದ್ದರು.

ಜಯಪ್ಪ ಧಾವಿಸಿ ಬಂದರು. "ಗೆರೆ ಎಲ್ಲಿ ಸಾಬ್ರೆ?"

"ಹುಡುಗ್ರ ಕಾಲಡಿ ಹೋತು. ಓಡಾಕೆ ತಾನೆ ಎಳೆದದ್ದು. ಇನ್ನೊಂದು ಚೀಲ ತರಿಸ್ರಿ, ಎಳೀತೀನಿ."

"ಈಗ ಎಲ್ಲಿಂದ ತರಾಕೆ ಆಗ್ತೈತ್ರಿ?"

"ಅದು ನಂಗೊತ್ತಿಲ್ಲ. ಸುಣ್ಣ ಬರೋವರ್ಗೂ ಓಟ ಇಲ್ಲ."

ಸಾಲಾಗಿ ನಿಂತ ಹುಡುಗರು, ಕಾದು ಕೂತ ಅತಿಥಿಗಳು, ಮರದ ಕೆಳಗಿಂದ ಏಳದ ರಸೂಲರು. ಜಯಪ್ಪ ಮೂರೂ ಕಡೆ ನೋಡಿ ಆಳನ್ನು ಅಟ್ಟಿದರು. ಚೀಲ ಐದು ನಿಮಿಷದಲ್ಲಿ ಬಂತು. ಅಂಗಡಿ ಮೈದಾನದ ಗೇಟಿನ ಎದುರಿಗೇ ಇತ್ತು.